ಮೊದಲ ಕೌದಿ, ಅದೂ ಉಡುಗೊರೆಗೆ: ಬಟ್ಟೆ ಆರಿಸುವುದರಿಂದ ಅಂಚು ಮಡಿಸುವವರೆಗೆ

ಪುಣೆಯಲ್ಲಿ ನನ್ನ ಹತ್ತಿರ ಬರುವ ಅರ್ಧಂಬರ್ಧ ಕೌದಿಗಳು ಹೆಚ್ಚುಕಮ್ಮಿ ಒಂದೇ ಥರ ಕೆಟ್ಟಿರುತ್ತವೆ. ಮೇಲಿನ ಪದರ ಚೆಂದ, ಚೌಕಕ್ಕೆ ಚೌಕ ಸರಿಯಾಗಿ ಕೂಡಿದೆ. ತಿರುಗಿಸಿ ನೋಡಿದರೆ ಹಿಂದಿನ ಬಟ್ಟೆ ಅಲ್ಲಲ್ಲಿ ಮಡಚಿಕೊಂಡು ಹೊಲಿಗೆಯೊಳಗೇ ಸಿಕ್ಕಿಬಿದ್ದಿದೆ. ಇಲ್ಲದಿದ್ದರೆ ಒಂದು ಸಲ ಒಗೆದದ್ದೇ ತಡ, ಕೆಂಪು ಚೌಕದ ಬಣ್ಣ ಪಕ್ಕದ ಬಿಳಿಗೆ ಹತ್ತಿದೆ. ಹೊಲಿದವರು "ನನ್ನ ಕೈ ಸರಿ ಇಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಕೈಯ ತಪ್ಪೇನೂ ಇರುವುದಿಲ್ಲ. ಬಟ್ಟೆ ಮೊದಲೇ ಒಗೆಯುವುದು, ಪದರಗಳಿಗೆ ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚಿಹಾಕುವ ತಾತ್ಕಾಲಿಕ ಹೊಲಿಗೆ) ಹಾಕುವುದು, ಈ ಎರಡು ಕೆಲಸ ಬಿಟ್ಟುಹೋಗಿರುತ್ತವೆ. ಆದ್ದರಿಂದ ಇಲ್ಲಿ ಅವೆರಡಕ್ಕೆ ಜಾಸ್ತಿ ಜಾಗ, ಡಿಸೈನಿಗೆ ಕಡಿಮೆ.

ಇಲ್ಲಿ ಹೇಳುವುದು ಮಗುವಿಗೆ ಕೊಡುವ ಕೈಹೊಲಿಗೆಯ ಕೌದಿ, ಪುಣೆಯವರ ಗೋಧಡಿ. ಮುಗಿದಾಗ 33 ಇಂಚು ಅಗಲ, 41 ಇಂಚು ಉದ್ದ ಬರುತ್ತದೆ. ಮೊದಲ ಸಲವೇ ಡಬಲ್ ಮಂಚದ ಕೌದಿಗೆ ಕೈ ಹಾಕಬೇಡಿ. ಮದುವೆಗೆ ಕೊಡಬೇಕೆಂದು ಶುರುವಾದ ದೊಡ್ಡ ಕೌದಿಗಳು ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೆ ಕೂತಿವೆ.

ಶುರು ಮಾಡುವ ಮುಂಚೆ: ತಾರೀಖು ಮತ್ತು ಸಾಮಾನು

ಕೊಡುವ ದಿನದಿಂದ ಹಿಂದಕ್ಕೆ ಎಣಿಸಿ. ದಿನಕ್ಕೆ ಒಂದು ಗಂಟೆ ಸಿಗುವುದಾದರೆ ಒಂದೂವರೆ ತಿಂಗಳು ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವಾದರೆ ಒಂದು ವಾರ ಹೆಚ್ಚು ಬೇಕು, ಒಗೆದ ಬಟ್ಟೆ ಬೇಗ ಒಣಗುವುದಿಲ್ಲ.

ಬೇಕಾಗುವ ಸಾಮಾನು ಇಷ್ಟೇ: ಬಟ್ಟೆಗೆಂದೇ ಇಟ್ಟ ಕತ್ತರಿ, ಇಂಚ್ ಟೇಪ್, ಉದ್ದನೆಯ ಸ್ಕೇಲ್, ಟೈಲರ್ ಚಾಕ್, ದಪ್ಪ ರಟ್ಟು, ಅಗಲವಾದ ಕಾಗದದ ಟೇಪು, ಒಂದು ಡಬ್ಬಿ ಸೇಫ್ಟಿ ಪಿನ್, ಕೈಹೊಲಿಗೆಯ ಸೂಜಿಗಳು, ಹತ್ತಿ ದಾರ. ಸೂಜಿಯ ನಂಬರ್ ದೊಡ್ಡದಾದಷ್ಟೂ ಸೂಜಿ ಸಣ್ಣ. ಚೌಕ ಕೂಡಿಸಲು 8, ಪದರಗಳ ಮೂಲಕ ಹೊಲಿಯಲು 6 ಅಥವಾ 7 ತೊಗೊಳ್ಳಿ. ಮಧ್ಯದ ಬೆರಳಿಗೆ ಹಾಕುವ ಅಂಗುಸ್ತಾನವನ್ನು ಎಲ್ಲರೂ ಬೇಡ ಅನ್ನುತ್ತಾರೆ, ನಾಲ್ಕು ಸಾಲು ಹೊಲಿದ ಮೇಲೆ ಹುಡುಕುತ್ತಾರೆ. ಮೊದಲೇ ಕೊಂಡುಬಿಡಿ.

ಸೂಜಿ, ದಾರ, ಚಾಕ್‌ಗೆ ರವಿವಾರ ಪೇಟೆಯ ಸಣ್ಣ ಅಂಗಡಿಗಳು ಸಾಕು. ಬಟ್ಟೆಗೆ ಲಕ್ಷ್ಮಿ ರೋಡ್. ಗದ್ದಲ ಇಷ್ಟವಿಲ್ಲದವರು ಮನೆ ಹತ್ತಿರದ ಮ್ಯಾಚಿಂಗ್ ಸೆಂಟರಿಗೆ ಹೋಗಿ. ರುಬಿಯಾ, ಪೋಪ್ಲಿನ್ ಎಂಬ ಸಾದಾ ನೇಯ್ಗೆಯ ಬಟ್ಟೆಗಳು ಎರಡೂ ಅಲ್ಲಿ ಸಿಗುತ್ತವೆ.

ಹಂತ 1: ಬಟ್ಟೆ ಆರಿಸುವುದು

ಮೇಲಿನ ಪದರಕ್ಕೆ ಹತ್ತಿಯ ಬಟ್ಟೆ, ಎಲ್ಲ ತುಂಡುಗಳೂ ಹೆಚ್ಚುಕಮ್ಮಿ ಒಂದೇ ದಪ್ಪ. ನಿಯಮ ಇದೊಂದೇ. ತೆಳು ಮಲ್ಮಲ್ ಪಕ್ಕ ಜೀನ್ಸ್ ಕೂಡಿಸಿದರೆ ಜೀನ್ಸ್ ಎಳೆಯುತ್ತದೆ, ಮಲ್ಮಲ್ ಹರಿಯುತ್ತದೆ.

ಲೆಕ್ಕ ಹೀಗೆ. 9 ಇಂಚಿನ 20 ಚೌಕ ಬೇಕು. 44 ಇಂಚು ಪನ್ನಾದ (ಅಗಲದ) ಬಟ್ಟೆ ಅರ್ಧ ಮೀಟರ್ ತೊಗೊಂಡರೆ 8 ಚೌಕ ಬರುತ್ತವೆ, ಅಂದರೆ ಮೂರು ಬಣ್ಣದಲ್ಲಿ ಅರ್ಧರ್ಧ ಮೀಟರ್ ಸಾಕು. ಪನ್ನಾ 36 ಇಂಚು ಇದ್ದರೆ ಅಂಚು ಹೋಗಿ ಆರೇ ಚೌಕ ಸಿಗುವುದು, ಆಗ ನಾಲ್ಕು ಬಣ್ಣ ಬೇಕು. ಬಟ್ಟೆ ಹರಿಸುವ ಮುಂಚೆ "ಪನ್ಹಾ ಕಿತೀ?" (ಪನ್ನಾ ಎಷ್ಟು?) ಅಂತ ಕೇಳುವುದನ್ನು ಮರೆಯಬೇಡಿ. ಹಿಂದಿನ ಪದರಕ್ಕೆ ಒಂದೇ ತುಂಡು, 44 ಇಂಚು ಪನ್ನಾದ್ದು ಒಂದೂಕಾಲು ಮೀಟರ್. ಹಿಂದೆ ಜೋಡು ಇದ್ದರೆ ಮೊದಲ ಸಲ ಹೊಲಿಯುವವರಿಗೆ ತೊಂದರೆ.

ಹಳೆ ಬಟ್ಟೆಯಿಂದ ಮಾಡುವುದಾದರೆ ಎರಡು ಪರೀಕ್ಷೆ ಮಾಡಿ. ಮೊದಲನೆಯದು ಬಲದ್ದು: ಬಟ್ಟೆಯನ್ನು ಎರಡೂ ಹೆಬ್ಬೆರಳ ನಡುವೆ ಹಿಡಿದು ಜಗ್ಗಿ, ಬೆಳಕಿಗೆ ಹಿಡಿದು ನೋಡಿ. ಎಳೆ ಬಿಟ್ಟುಕೊಂಡರೆ ಅದು ಮೇಲಿನ ಪದರಕ್ಕೆ ಬೇಡ, ಒಳಗೆ ಹಾಕಿ. ಎರಡನೆಯದು ಹತ್ತಿಯೋ ಟೆರಿಕಾಟೋ (ಪಾಲಿಯೆಸ್ಟರ್ ಬೆರೆತ ಬಟ್ಟೆಯೋ) ತಿಳಿಯಲು: ಎರಡು ಎಳೆ ಕಿತ್ತು, ಸ್ಟೀಲ್ ತಟ್ಟೆಯ ಮೇಲೆ ಇಟ್ಟು ಸುಡಿ. ಹತ್ತಿ ಕಾಗದದ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ತಾತನ ಅಂಗಿಗಳೆಂದು ಪ್ರೀತಿಯಿಂದ ತರುವ ಚೀಲದಲ್ಲಿ ಅರ್ಧ ಟೆರಿಕಾಟೇ ಇರುತ್ತದೆ. ಇನ್ನೊಂದು ಮಾತು: ಯಾರದೇ ಹಳೆ ಸೀರೆಯನ್ನು ಅವರನ್ನು ಕೇಳದೆ ಕತ್ತರಿಸಬೇಡಿ, ಉಟ್ಟು ಹತ್ತು ವರ್ಷವಾಗಿದ್ದರೂ ಸರಿ.

ಒಳಪದರಕ್ಕೆ ನನ್ನ ಆಯ್ಕೆ ಹಳೆಯ ಹತ್ತಿ ಸೀರೆ. ಐದೂವರೆ ಮೀಟರ್ ಸೀರೆಯನ್ನು ಉದ್ದಕ್ಕೆ 45 ಇಂಚಿಗೊಂದರಂತೆ ಕತ್ತರಿಸಿದರೆ ನಾಲ್ಕು ತುಂಡು ಸಿಗುತ್ತವೆ. ಬೇಕಿರುವುದು ಎರಡು, ಹೆಚ್ಚೆಂದರೆ ಮೂರು. ಅದಕ್ಕಿಂತ ಜಾಸ್ತಿಯಾದರೆ ಸೂಜಿ ಹೋಗುವುದಿಲ್ಲ, ಕೌದಿ ಒಣಗುವುದೂ ಇಲ್ಲ. ಇಳಕಲ್ ಸೀರೆಯಾದರೆ ರೇಷ್ಮೆಯ ಅಂಚು, ಸೆರಗು ಎರಡನ್ನೂ ಕತ್ತರಿಸಿ ತೆಗೆಯಿರಿ. ರೇಷ್ಮೆ ಮತ್ತು ಹತ್ತಿ ಒಂದೇ ಥರ ಕುಗ್ಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಹತ್ತಿಯ ಹಾಳೆಯೂ ನಡೆಯುತ್ತದೆ. ಹಿಂಜಿದ ಬಿಡಿ ಹತ್ತಿ ಮಾತ್ರ ಬೇಡವೇ ಬೇಡ, ಒಗೆದಾಗ ಒಂದು ಮೂಲೆಗೆ ಸೇರಿ ಗಂಟಾಗುತ್ತದೆ.

ಹಂತ 2: ಕತ್ತರಿ ಮುಟ್ಟುವ ಮುಂಚೆ ಒಗೆಯಿರಿ

ಎಲ್ಲರೂ ಹಾರಿಸುವ ಹಂತ ಇದೇ. ಹೊಸ ಬಟ್ಟೆ ಅಂಗಡಿಯಲ್ಲಿ ನೀಟಾಗಿರುತ್ತದೆ, ಯಾಕೆ ಒಗೆಯಬೇಕು ಅನ್ನಿಸುತ್ತದೆ, ಅಲ್ವಾ? ಹೊಸ ಹತ್ತಿ ಬಟ್ಟೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಬಹುದು. 40 ಇಂಚಿನಲ್ಲಿ ಅದು ಎರಡು ಇಂಚಿನವರೆಗೂ ಹೋಗುತ್ತದೆ. ಒಳಗಿನ ಹಳೆ ಸೀರೆ ಎಷ್ಟು ಕುಗ್ಗಬೇಕೋ ಅಷ್ಟು ಎಂದೋ ಕುಗ್ಗಿದೆ. ಕೌದಿ ಮುಗಿದ ಮೇಲೆ ಒಗೆದರೆ ಮೇಲಿನದು ಸಣ್ಣದಾಗುತ್ತದೆ, ಒಳಗಿನದು ಆಗುವುದಿಲ್ಲ. ಆಗ ಬರುವ ಸುಕ್ಕನ್ನು ಯಾವ ಇಸ್ತ್ರಿಯೂ ತೆಗೆಯುವುದಿಲ್ಲ. ಹೊಸ ಬಟ್ಟೆಯಲ್ಲಿ ಗಂಜಿಯೂ ಇರುತ್ತದೆ, ಅದು ಹೋಗುವವರೆಗೆ ಸೂಜಿ ತಡೆಯುತ್ತಲೇ ಇರುತ್ತದೆ.

ಪ್ರತಿ ಬಣ್ಣವನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ಬಿಸಿನೀರಿಗೆ ಹಾಕಿ ಅರ್ಧ ಗಂಟೆ ಬಿಡಿ. ನೀರಿಗೆ ಬಣ್ಣ ಬಂದರೆ ಚೆಲ್ಲಿ, ಹೊಸ ನೀರು ಹಾಕಿ. ಆಮೇಲೆ ಸೋಪಿನಲ್ಲಿ ಒಗೆದು, ಹಸಿ ಇರುವಾಗಲೇ ಬಿಳಿ ಚಿಂದಿಯಿಂದ ಗಟ್ಟಿಯಾಗಿ ಉಜ್ಜಿ. ಚಿಂದಿ ಬಿಳಿಯಾಗಿಯೇ ಉಳಿದರೆ ಪಾಸು. ಕಡುಗೆಂಪು, ನೀಲಿ, ಕಪ್ಪು ಈ ಮೂರರ ಮೇಲೆ ಕಣ್ಣಿಡಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎನ್ನುತ್ತಾರೆ, ಆ ಭರವಸೆ ಮೇಲೆ ಉಡುಗೊರೆ ಹೊಲಿಯಬೇಡಿ. ನಾಲ್ಕು ಸಲ ಒಗೆದರೂ ಬಣ್ಣ ಬಿಡುವ ಬಟ್ಟೆಯನ್ನು ಪಕ್ಕಕ್ಕೆ ಇಡಿ. ಎಷ್ಟೇ ಚೆಂದವಿರಲಿ, ಅದು ಮಗು ಬಾಯಿಗೆ ಹಾಕುವ ಬಟ್ಟೆ.

ಒಣಗಿದ ಮೇಲೆ ಇಸ್ತ್ರಿ ಮಾಡಿ. ಇಸ್ತ್ರಿ ಇಲ್ಲದೆ ಅಳೆದರೆ ಅಳತೆ ಸುಳ್ಳು ಹೇಳುತ್ತದೆ.

ಹಂತ 3: ಕತ್ತರಿಸುವುದು

ಬಟ್ಟೆಯ ತುದಿಯಲ್ಲಿ ಸಣ್ಣ ಕಚ್ಚು ಕೊಟ್ಟು ಕೈಯಿಂದ ಸರ್ರನೆ ಹರಿಯಿರಿ. ಸಾದಾ ನೇಯ್ಗೆಯ ಹತ್ತಿ ಎಳೆಯುದ್ದಕ್ಕೂ ನೆಟ್ಟಗೆ ಹರಿಯುತ್ತದೆ. ಆ ಗೆರೆಯೇ ನಿಮ್ಮ ಮೊದಲ ನೇರ ಗೆರೆ. ಹರಿದಾಗ ಹಿಂಜಿಕೊಂಡ ಅಂಚನ್ನು ಒಂದೆರಡು ಎಳೆಯಷ್ಟು ಕತ್ತರಿಸಿ.

ರಟ್ಟಿನಲ್ಲಿ 9 ಇಂಚಿನ ಚೌಕ ಮಾಡಿಟ್ಟುಕೊಂಡು, ಪ್ರತಿ ಸಲ ಅದನ್ನೇ ಇಟ್ಟು ಚಾಕ್‌ನಿಂದ ಗೆರೆ ಹಾಕಿ. ಹಿಂದೆ ಕತ್ತರಿಸಿದ ಬಟ್ಟೆಯ ಚೌಕವನ್ನೇ ಅಳತೆಗೆ ಇಟ್ಟರೆ ಇಪ್ಪತ್ತನೆಯದು ಅರ್ಧ ಇಂಚು ದೊಡ್ಡದಾಗಿರುತ್ತದೆ. ಬಾಲ್‌ಪೆನ್ ಬೇಡ, ಹೋಗುವುದಿಲ್ಲ. ಓರೆಯಾಗಿ ಕತ್ತರಿಸಿದ ಚೌಕವನ್ನು ಜಗ್ಗಿ ನೋಡಿದರೆ ರಬ್ಬರಿನಂತೆ ಹಿಗ್ಗುತ್ತದೆ. ಅಂಥ ಒಂದು ಚೌಕ ಇಡೀ ಸಾಲನ್ನು ಅಲೆ ಮಾಡುತ್ತದೆ. ಜಗ್ಗಿ ನೋಡಿ, ಹಿಗ್ಗಿದ್ದನ್ನು ತೆಗೆದುಹಾಕಿ.

ಹಂತ 4: ಚೌಕ ಕೂಡಿಸುವುದು

ನಾಲ್ಕು ಅಡ್ಡ, ಐದು ಉದ್ದ. ನೆಲದ ಮೇಲೆ ಹಾಸಿ, ಒಂದೇ ಬಣ್ಣ ಪಕ್ಕಪಕ್ಕ ಬರದಂತೆ ಇಟ್ಟು, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಡಿಸೈನ್ ಬಗ್ಗೆ ಇಷ್ಟು ಸಾಕು.

ಎರಡು ಚೌಕಗಳ ಮುಖಕ್ಕೆ ಮುಖ ಇಟ್ಟು, ಅಂಚಿನಿಂದ ಅರ್ಧ ಇಂಚು ಒಳಗೆ ಸಣ್ಣ ಓಡುಹೊಲಿಗೆ ಹಾಕಿ, ಅಂದರೆ ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತ ಮುಂದಕ್ಕೆ ಹೋಗಿ. ಮೂರು ಇಂಚಿಗೊಮ್ಮೆ ಒಂದು ಹಿಂಹೊಲಿಗೆ, ಒಂದು ಹೊಲಿಗೆಯಷ್ಟು ಹಿಂದಕ್ಕೆ ಚುಚ್ಚಿ ಮುಂದೆ ಬರುವುದು. ಮನೆಯಲ್ಲಿ ಮಷಿನ್ ಇದ್ದರೆ ಈ ಹಂತಕ್ಕೆ ಧಾರಾಳವಾಗಿ ಬಳಸಿ. ಮೊದಲು ಅಡ್ಡಸಾಲುಗಳನ್ನು ಮುಗಿಸಿ, ಆಮೇಲೆ ಸಾಲಿಗೆ ಸಾಲು ಕೂಡಿಸಿ. ಮೊದಲ ಸಾಲಿನ ಕೂಡಿಕೆಗಳನ್ನೆಲ್ಲ ಎಡಕ್ಕೆ ಮಡಿಸಿ ಇಸ್ತ್ರಿ, ಎರಡನೆಯದನ್ನು ಬಲಕ್ಕೆ, ಮತ್ತೆ ಎಡಕ್ಕೆ. ಹೀಗೆ ಮಾಡಿದರೆ ನಾಲ್ಕು ಚೌಕ ಸೇರುವ ಮೂಲೆಯಲ್ಲಿ ಬಟ್ಟೆ ಗುಡ್ಡೆಯಾಗುವುದಿಲ್ಲ.

ಮುಗಿದಾಗ ಮೇಲಿನ ಪದರ 33 × 41 ಇಂಚು ಇರಬೇಕು. ಕಾಲು ಇಂಚು ಆಚೀಚೆ ಪರವಾಗಿಲ್ಲ. ಒಂದು ಇಂಚು ವ್ಯತ್ಯಾಸವಿದ್ದರೆ ಎಲ್ಲೋ ಅರ್ಧ ಇಂಚಿನ ಲೆಕ್ಕ ತಪ್ಪಿದೆ, ಈಗಲೇ ಬಿಚ್ಚಿ. ಚೌಕದ ಮೇಲೆ ಕಸೂತಿ ಮಾಡುವ ಆಸೆ ಇದ್ದರೆ ಕೂಡಿಸುವ ಮುಂಚೆಯೇ ಮಾಡಿರಬೇಕು. ಆಮೇಲೆ ಮಾಡಿದರೆ ಗಂಟುಗಳು ಹಿಂದೆ ಕಾಣುತ್ತವೆ.

ಹಂತ 5: ಪದರ ಹಾಸಿ, ಕಚ್ಚಾ ಹೊಲಿಗೆ ಹಾಕುವುದು

ಈ ಕೆಲಸಕ್ಕೆ ಒಂದು ಪೂರ್ತಿ ಮಧ್ಯಾಹ್ನ ಇಟ್ಟುಕೊಳ್ಳಿ. ಮಕ್ಕಳು ಮನೆಯಲ್ಲಿ ಇಲ್ಲದ ಮಧ್ಯಾಹ್ನವಾದರೆ ಇನ್ನೂ ಒಳ್ಳೆಯದು.

ಹಿಂದಿನ ಬಟ್ಟೆಯನ್ನು 37 × 45 ಇಂಚಿಗೆ ಕತ್ತರಿಸಿ. ಒಗೆದ ಮೇಲೆ ಅಗಲ 37 ಸಿಕ್ಕೇ ಸಿಗುತ್ತದೆ, ಉದ್ದ ಒಂದಿಂಚು ಕಡಿಮೆಯಾದರೂ ನಡೆಯುತ್ತದೆ. ಅದರ ಉಲ್ಟಾ ಮುಖ ಮೇಲೆ ಬರುವಂತೆ ನೆಲಕ್ಕೆ ಹಾಸಿ. ಫ್ಲ್ಯಾಟಿನ ಟೈಲ್ಸ್ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಟೈಲ್ಸ್ ನಡುವಿನ ಗೆರೆಗೆ ಬಟ್ಟೆಯ ಎರಡು ಅಂಚು ಹೊಂದಿಸಿದರೆ ಮೂಲೆ ತಾನಾಗಿ ನೇರವಾಗುತ್ತದೆ. ನಾಲ್ಕೂ ಕಡೆ ಕಾಗದದ ಟೇಪು ಅಂಟಿಸಿ. ಬಟ್ಟೆ ಸುಕ್ಕಿಲ್ಲದೆ ಕೂತಿರಬೇಕು, ಬಿಗಿದು ಕೂತಿರಬಾರದು. ಡೋಲಿನ ಹಾಗೆ ಎಳೆದು ಅಂಟಿಸಿದರೆ ಟೇಪು ಬಿಚ್ಚಿದ ಕೂಡಲೇ ಹಿಂದಿನ ಪದರ ಕುಗ್ಗಿ, ಮೇಲಿನದು ಉಬ್ಬುತ್ತದೆ.

ಅದರ ಮೇಲೆ ಸೀರೆಯ ತುಂಡುಗಳನ್ನು ಒಂದೊಂದಾಗಿ ಹಾಸಿ. ಪ್ರತಿಯೊಂದನ್ನೂ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಕೊನೆಗೆ ಚೌಕಗಳ ಪದರ, ಮುಖ ಮೇಲೆ. ಸುತ್ತಲೂ ಹಿಂದಿನ ಬಟ್ಟೆ ಎರಡೆರಡು ಇಂಚು ಹೊರಗೆ ಕಾಣಬೇಕು.

ಈಗ ಕಚ್ಚಾ ಹೊಲಿಗೆ. ಎದ್ದು ಕಾಣುವ ಬಣ್ಣದ ದಾರ, ಎರಡು ಇಂಚಿನ ಉದ್ದುದ್ದ ಹೊಲಿಗೆ. ನಟ್ಟನಡುವಿನಿಂದ ಶುರು ಮಾಡಿ ಒಂದು ಅಂಚಿನವರೆಗೆ, ಮತ್ತೆ ನಡುವಿನಿಂದ ಎದುರಿನ ಅಂಚಿಗೆ. ಹೀಗೆ ಅಡ್ಡಕ್ಕೂ ಉದ್ದಕ್ಕೂ ನಾಲ್ಕು ಇಂಚಿಗೊಂದು ಸಾಲು. ಮೊಣಕಾಲು ನೋವಿನವರು ದಾರದ ಬದಲು ನಾಲ್ಕು ಇಂಚಿಗೊಂದು ಸೇಫ್ಟಿ ಪಿನ್ ಹಾಕಬಹುದು. ಎಷ್ಟು ಪಿನ್ ಹಾಕಿದಿರಿ ಎಂಬುದನ್ನು ಬರೆದಿಟ್ಟುಕೊಳ್ಳಿ. ಕೊನೆಗೆ ಅಷ್ಟೇ ಪಿನ್ ಹೊರಗೆ ಬರಬೇಕು, ಇದು ಮಗುವಿನ ವಸ್ತು.

ಟೇಪು ಕಿತ್ತು ಕೌದಿಯನ್ನು ತಿರುಗಿಸಿ ನೋಡಿ. ಹಿಂದೆ ಒಂದೇ ಒಂದು ಮಡಿಕೆ ಕಂಡರೂ ಆ ಭಾಗದ ಕಚ್ಚಾ ಹೊಲಿಗೆ ಬಿಚ್ಚಿ ಮತ್ತೆ ಹಾಸಿ. "ಹೊಲಿಯುವಾಗ ಸರಿಯಾಗುತ್ತೆ" ಅನ್ನುವುದು ಸುಳ್ಳು. ಹೊಲಿಯುವಾಗ ಅದು ದೊಡ್ಡದೇ ಆಗುತ್ತದೆ.

ಹಂತ 6: ಹೊಲಿಗೆ

ಎಲ್ಲಿಂದ ಶುರು ಮಾಡಬೇಕು ಎಂಬುದರಲ್ಲಿ ಎಲ್ಲರಿಗೂ ಗೊಂದಲ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಅದನ್ನು ನೋಡಿದವರು ತಾವೂ ಅಂಚಿನಿಂದಲೇ ಹೊರಡುತ್ತಾರೆ, ನಡುವೆ ಬಂದಾಗ ಮೇಲಿನ ಬಟ್ಟೆ ಬುರುಬುರು ಉಬ್ಬಿ ನಿಲ್ಲುತ್ತದೆ. ಕಾರಣ ಇದು: ಅವರು ತುಂಡುಗಳನ್ನು ಮೊದಲೇ ಕೂಡಿಸಿರುವುದಿಲ್ಲ, ಹೊಲಿಯುತ್ತ ಹೊಲಿಯುತ್ತ ಇಡುತ್ತಾರೆ. ಸಡಿಲು ಉಳಿದರೆ ಮುಂದಿನ ತುಂಡಿನಲ್ಲಿ ಸರಿಹೋಗುತ್ತದೆ. ನಾವು ಇಡೀ ಮೇಲ್ಪದರವನ್ನು ಕೂಡಿಸಿಬಿಟ್ಟಿದ್ದೇವೆ, ಸಡಿಲು ಹೊರಕ್ಕೇ ಹೋಗಬೇಕು. ಆದ್ದರಿಂದ ನಮ್ಮದು ನಡುವಿನಿಂದ.

ಸಾಲುಗಳು ಎರಡು ಇಂಚಿಗೊಂದು. ಪ್ರತಿ ಚೌಕದಲ್ಲಿ ಮೇಲಿನ ಕೂಡಿಕೆಯಿಂದ 1, 3, 5, 7 ಇಂಚಿಗೆ ಗೆರೆ ಹಾಕಿ. ಹೀಗೆ ಹಾಕಿದರೆ ಅಡ್ಡ ಕೂಡಿಕೆಯ ದಪ್ಪ ಭಾಗದ ಮೇಲೆ ಯಾವ ಸಾಲೂ ಬರುವುದಿಲ್ಲ. ಒಟ್ಟು 20 ಸಾಲು. ಚಾಕ್ ಅಳಿಸಿಹೋಗುವುದರಿಂದ ಒಂದೊಂದೇ ಸಾಲಿಗೆ ಗೆರೆ ಹಾಕಿ. ಕಾಗದದ ಟೇಪನ್ನೂ ಗೆರೆಯಾಗಿ ಬಳಸಬಹುದು, ಆದರೆ ರಾತ್ರಿಯಿಡೀ ಬಿಡಬೇಡಿ, ಅಂಟು ಉಳಿಯುತ್ತದೆ.

ದಾರ 50 ಇಂಚು ಕತ್ತರಿಸಿ. ಮೂರನೇ ಸಾಲಿನ ಚೌಕಗಳಲ್ಲಿ 3 ಇಂಚಿನ ಗೆರೆ ಹುಡುಕಿ, ಅದರ ನಡುವೆ ಗಂಟಿಲ್ಲದೆ ಸೂಜಿ ಚುಚ್ಚಿ, ಅರ್ಧ ದಾರ ಹಾಗೇ ಬಿಟ್ಟು ಬಲ ಅಂಚಿನವರೆಗೆ ಹೊಲಿಯಿರಿ. ಆಮೇಲೆ ಬಿಟ್ಟ ಅರ್ಧವನ್ನು ಸೂಜಿಗೆ ಪೋಣಿಸಿ ಎಡಕ್ಕೆ ಹೋಗಿ. ಒಂದು ದಾರಕ್ಕೆ ಒಂದು ಸಾಲು, ನಡುವೆ ಗಂಟೇ ಇಲ್ಲ. ಮುಂದಿನ ಸಾಲು ಅದರ ಕೆಳಗೆ, ಅದರ ಮುಂದಿನದು ಮೇಲೆ. ಹೀಗೆ ಎರಡೂ ಕಡೆ ಸಮವಾಗಿ ಹೊರಕ್ಕೆ ಹೋಗಿ. ದಾರದ ತುದಿಗಳು ಅಂಚಿನ ಮಡಿಕೆಯೊಳಗೆ ಮುಚ್ಚಿಹೋಗುತ್ತವೆ.

ಇಂಚಿಗೆ ನಾಲ್ಕು ಹೊಲಿಗೆ ಸಾಕು. ಸಣ್ಣ ಹೊಲಿಗೆಗಿಂತ ಸಮನಾದ ಹೊಲಿಗೆ ಮುಖ್ಯ. ಸೂಜಿ ಹಿಂದಿನ ಪದರದವರೆಗೂ ತಲುಪಿತೇ ಎಂದು ಕೆಳಗೆ ಹಿಡಿದ ಎಡಗೈ ಬೆರಳಿಗೆ ಗೊತ್ತಾಗಬೇಕು. ಒಂದೇ ಸಲಕ್ಕೆ ಎರಡು ಮೂರು ಹೊಲಿಗೆ ಸೂಜಿಗೆ ಏರಿಸಿ ಎಳೆಯಿರಿ, ಅದಕ್ಕಿಂತ ಜಾಸ್ತಿ ಬೇಡ.

ನಿಲ್ಲಿಸಿ ನೋಡಬೇಕಾದ ಸೂಚನೆಗಳಿವೆ. ಸೂಜಿಯ ಮುಂದೆ ಬಟ್ಟೆ ಅಲೆಯಂತೆ ಏಳುತ್ತಿದ್ದರೆ ಕಚ್ಚಾ ಹೊಲಿಗೆ ಸಾಲದು, ಅಲ್ಲಿ ಇನ್ನೆರಡು ಸಾಲು ಸೇರಿಸಿ. ಹೊಲಿದ ಸಾಲು ಗಿಡ್ಡವಾಗಿ ಅಂಚು ಒಳಕ್ಕೆ ಬಾಗಿದ್ದರೆ ದಾರ ಬಿಗಿಯಾಗಿದೆ. ಸಾಲಿನ ಮೇಲೆ ಬೆರಳಿಂದ ಸವರಿ ಸಡಿಲಿಸಿ, ಆಗದಿದ್ದರೆ ಬಿಚ್ಚಿ. ದಾರ ಪದೇಪದೇ ಸುರುಳಿ ಸುತ್ತಿಕೊಂಡರೆ ಸೂಜಿಯನ್ನು ಕೆಳಗೆ ಇಳಿಬಿಡಿ, ತಾನೇ ತಿರುಗಿ ಸರಿಯಾಗುತ್ತದೆ. ಪ್ರತಿ ಸಾಲು ಮುಗಿದಾಗ ಹಿಂದೆ ತಿರುಗಿಸಿ ನೋಡಿ. ಒಂದು ಸಾಲು ಬಿಚ್ಚುವುದು ಹತ್ತು ನಿಮಿಷದ ಕೆಲಸ, ಹತ್ತು ಸಾಲು ಬಿಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ.

ಮಷಿನ್‌ನಲ್ಲಿ ಈ ಹಂತ ಮಾಡಬಹುದೇ? ವಾಕಿಂಗ್ ಫುಟ್ (ಮೇಲಿನ, ಕೆಳಗಿನ ಪದರಗಳನ್ನು ಒಟ್ಟಿಗೆ ಸರಿಸುವ ಮಷಿನ್ ಪಾದ) ಇದ್ದರೆ ಮಾಡಿ. ಸಾದಾ ಫುಟ್ ಇದ್ದರೆ ಕೆಳಗಿನ ಪದರ ಬೇಗ ಸರಿಯುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ.

ಹಂತ 7: ಅಂಚು

ಬೇರೆ ಪಟ್ಟಿ ಕತ್ತರಿಸಿ ಅಂಚು ಕಟ್ಟುವುದು ಚೆಂದವೇ, ಆದರೆ ಮೊದಲ ಕೌದಿಗೆ ಹಿಂದಿನ ಬಟ್ಟೆಯನ್ನೇ ಮುಂದಕ್ಕೆ ಮಡಿಸಿ. ಮೊದಲು ಒಳಗಿನ ಸೀರೆಯನ್ನು ಮೇಲಿನ ಪದರದ ಅಂಚಿಗೆ ಸರಿಯಾಗಿ ಕತ್ತರಿಸಿ. ಕತ್ತರಿ ಆಡಿಸುವ ಮುಂಚೆ ಹಿಂದಿನ ಬಟ್ಟೆಯನ್ನು ಕೆಳಕ್ಕೆ ಮಡಚಿ ಪಿನ್ ಹಾಕಿ. ಅದನ್ನೂ ಸೇರಿಸಿ ಕತ್ತರಿಸಿಬಿಟ್ಟರೆ ಬೇರೆ ಪಟ್ಟಿಯೇ ಗತಿ. ನಂತರ ಹಿಂದಿನ ಬಟ್ಟೆ ಸುತ್ತಲೂ ಒಂದು ಇಂಚು ಉಳಿಯುವಂತೆ ಸಮ ಮಾಡಿ.

ಮೂಲೆಗಳು ಮೊದಲು. ಹಿಂದಿನ ಬಟ್ಟೆಯ ಮೂಲೆಯ ತುದಿಯನ್ನು ಸ್ವಲ್ಪ ಕತ್ತರಿಸಿ, ಉಳಿದದ್ದನ್ನು ಕೌದಿಯ ಮೂಲೆಯ ಮೇಲಕ್ಕೆ ತ್ರಿಕೋನವಾಗಿ ಮಡಿಸಿ. ಈಗ ಬದಿಗಳನ್ನು ಅರ್ಧ ಇಂಚು ಮಡಿಸಿ, ಮತ್ತೆ ಅರ್ಧ ಇಂಚು ಕೌದಿಯ ಮೇಲಕ್ಕೆ. ಪಿನ್ ಹಾಕಿ, ಸಣ್ಣ ಹೆಮ್ಮಿಂಗ್ ಹೊಲಿಗೆ (ಮಡಿಸಿದ ಅಂಚನ್ನು ಕೆಳಗಿನ ಬಟ್ಟೆಗೆ ಹಿಡಿಸುವ ಹೊಲಿಗೆ). ಕೌದಿ ಮೊದಲು ಸವೆಯುವುದು ಅಂಚಿನಲ್ಲೇ, ಇಲ್ಲಿ ಹೊಲಿಗೆ ಹತ್ತಿರ ಹತ್ತಿರ ಇರಲಿ.

ಹಂತ 8: ಕೊಡುವ ಮುಂಚೆ

ಕಚ್ಚಾ ದಾರ ಬಿಚ್ಚಿ, ಪಿನ್ ಎಣಿಸಿ. ಗುಂಡಿ, ಮಣಿ, ಕನ್ನಡಿ ಯಾವುದನ್ನೂ ಹಚ್ಚಬೇಡಿ, ಕಿತ್ತು ನುಂಗುವ ಅಪಾಯವಿದೆ. ತಣ್ಣೀರಲ್ಲಿ ಒಮ್ಮೆ ಒಗೆದು, ಹಗ್ಗದ ಮೇಲೆ ಜೋತು ಹಾಕದೆ ಅಗಲವಾಗಿ ಹರಡಿ ಒಣಗಿಸಿ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಎರಡು ದಿನ. ಮೇಲೆ ಒಣಗಿದ್ದರೂ ಒಳಗೆ ತಂಪು ಇರುತ್ತದೆ, ಹಾಗೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಬೂಷ್ಟು ಖಂಡಿತ.

ಮಗುವಿನ ಹೆಸರು ಬರೆಯಬೇಕೆಂದರೆ ಬಾರಸೆಯವರೆಗೆ (ನಾಮಕರಣದವರೆಗೆ) ಹೆಸರು ಗೊತ್ತಿರುವುದಿಲ್ಲ. ಕಾಯಬೇಡಿ. ಮೂರು ಇಂಚಿನ ಖಾಲಿ ಹತ್ತಿ ಪಟ್ಟಿಯನ್ನು ಇಟ್ಟುಕೊಂಡಿದ್ದು, ಆಮೇಲೆ ಹೆಸರು ಕಸೂತಿ ಹಾಕಿ, ಹಿಂದಿನ ಪದರಕ್ಕೆ ಮಾತ್ರ ಹಿಡಿಯುವಂತೆ ಹೆಮ್ಮಿಂಗ್ ಮಾಡಿದರಾಯಿತು.

ಕೊಡುವಾಗ ತಾಯಿಗೆ ಎರಡು ಮಾತು ಹೇಳಿ. ಒಂದು ವರ್ಷದೊಳಗಿನ ಮಗು ನಿದ್ದೆ ಮಾಡುವಾಗ ಸಡಿಲವಾದ ಹೊದಿಕೆ ಹೊದಿಸಬಾರದು ಎನ್ನುತ್ತಾರೆ ಮಕ್ಕಳ ಡಾಕ್ಟರುಗಳು, ಮುಖಕ್ಕೆ ಬಂದರೆ ಉಸಿರು ಕಟ್ಟುತ್ತದೆ. ಈ ಕೌದಿ ಸದ್ಯಕ್ಕೆ ನೆಲದ ಮೇಲೆ ಹಾಸಿ ಆಡಿಸಲು, ಹೊದಿಯಲು ಆಮೇಲೆ. ಎರಡನೆಯದು, ಮೊದಲ ಎರಡು ಮೂರು ಸಲ ಬೇರೆಯಾಗಿ ಒಗೆಯಲಿ, ಬ್ಲೀಚ್ ಹಾಕದಿರಲಿ. ಅದೇ ದಾರದ ಒಂದು ಸಣ್ಣ ಉಂಡೆಯನ್ನು ಸೂಜಿ ತೆಗೆದು ಜೊತೆಗೆ ಕೊಡಿ. ಎಲ್ಲಾದರೂ ಹೊಲಿಗೆ ಬಿಟ್ಟುಕೊಂಡರೆ ಅವರ ಮನೆಯಲ್ಲೇ ಯಾರಾದರೂ ಹಾಕಿಕೊಳ್ಳುತ್ತಾರೆ.